ಕೆಲಸ ಬೇರೆ, ಚಪ್ಪಾಳೆ ಬೇರೆ

ಎಲ್ರಿಗೂ ನಮಸ್ಕಾರ. ಫುಟ್‌ಬಾಲ್‌ನಲ್ಲಿ ಟ್ರಾನ್ಸ್‌ಫರ್ ವಿಂಡೋ, ಅಂದ್ರೆ ಕ್ಲಬ್ಬುಗಳು ಆಟಗಾರರನ್ನ ಕೊಳ್ಳೋ ಅವಧಿ, ತೆಗೆದ್ರೆ ಸಾಕು, ಒಂದಲ್ಲ ಒಂದು ಕ್ಲಬ್ಬು ಹಳೇ ಕೇಸಿರೋ ಆಟಗಾರನ್ನ ಸೈನ್ ಮಾಡುತ್ತೆ, ಅಭಿಮಾನಿಗಳು ಎರಡು ಪಾಲಾಗ್ತಾರೆ. "ಮನುಷ್ಯ ಬದಲಾಗಲ್ವಾ, ಇನ್ನೊಂದು ಚಾನ್ಸ್ ಕೊಡ್ರೀ" ಅನ್ನೋರು ಒಂದ್ಕಡೆ, "ನಮ್ ಜೆರ್ಸಿ ಇವ್ನಿಗಾ, ಛೀ" ಅನ್ನೋರು ಇನ್ನೊಂದ್ಕಡೆ. ಈ ಸಲ ಯಾರು ಅಂತ ನಿಮಗೆಲ್ಲ ಗೊತ್ತು, ನಾನು ಹೆಸರು ಹೇಳಲ್ಲ, ಹೇಳಿದ್ರೆ ಜಗಳ ಇಲ್ಲೇ ಶುರುವಾಗುತ್ತೆ, ಆಮೇಲೆ ಆಯೋಜಕರು ನನ್ನನ್ನ ಇನ್ನೊಂದ್ಸಲ ಕರಿಯಲ್ಲ.

ನಾನು ಹೇಳೋಕೆ ಬಂದಿರೋದು ಒಂದೇ ಮಾತು, ಕೆಲಸ ಬೇರೆ ಚಪ್ಪಾಳೆ ಬೇರೆ. ಶಿಕ್ಷೆ ಮುಗಿಸಿದವನು ದುಡಿದು ತಿನ್ನಬೇಕು, ಅದನ್ನ ಕಿತ್ಕೊಳ್ಳೋ ಹಕ್ಕು ಯಾರಿಗೂ ಇಲ್ಲ. ಆದ್ರೆ ಫುಟ್‌ಬಾಲ್ ಕ್ಲಬ್ಬು ಸಂಬಳ ಕೊಟ್ಟು ಸುಮ್ನೆ ಕೂರಲ್ವಲ್ಲ. ಅವನ ಹೆಸರಿರೋ ಜೆರ್ಸಿನ ಮಕ್ಕಳಿಗೆ ಮಾರುತ್ತೆ, ಅವನು ಗೋಲ್ ಹೊಡೆದ್ರೆ ನಾವೆಲ್ಲ ಎದ್ದು ಕುಣೀಬೇಕು ಅಂತ ಕಾಯ್ತಿರುತ್ತೆ. ಅಂದ್ರೆ ಅವನಿಗೆ ಕೆಲಸ ಕೊಡೋದು ಅವರು, ಚಪ್ಪಾಳೆ ಮಾತ್ರ ನಮ್ಮಿಂದ ವಸೂಲಿ.

ಈ ಚರ್ಚೆ ಬಂದಾಗೆಲ್ಲ ಯಾರಾದ್ರೂ ಇಟಲಿ ಆಟಗಾರ ಪಾವ್ಲೋ ರೊಸ್ಸಿ ಹೆಸರು ತೆಗೀತಾರೆ. ನಾನೂ ತೆಗೀತೀನಿ, ಆ ಕಥೆ ಹೇಳೋದೇ ನನಗೊಂದು ಚಟ. 1980ರಲ್ಲಿ ಇಟಲೀಲಿ ಟೊಟೊನೆರೊ ಅಂತ ಮ್ಯಾಚ್ ಫಿಕ್ಸಿಂಗ್ ಹಗರಣ ಆಯ್ತಲ್ಲ, ರೊಸ್ಸಿಗೆ ಮೂರು ವರ್ಷ ನಿಷೇಧ, ಆಮೇಲೆ ಅದು ಎರಡಕ್ಕೆ ಇಳೀತು. ನಾನೇನೂ ಮಾಡಿಲ್ಲ ಅಂತ ಅವನು ಹೇಳ್ತಾನೇ ಇದ್ದ, ಅದಿರ್ಲಿ. ನಿಷೇಧ ಇನ್ನೂ ಮುಗಿದೇ ಇಲ್ಲ, 1981ರಲ್ಲೇ ಯುವೆಂಟಸ್ ಕ್ಲಬ್ಬು ಅವನನ್ನ ಕೊಂಡ್ಕೊಳ್ತು! 1982ರ ಏಪ್ರಿಲ್‌ನಲ್ಲಿ ನಿಷೇಧ ಮುಗಿದು ಸೀಸನ್‌ನ ಬಾಲದಲ್ಲಿ ಬೆರಳೆಣಿಕೆ ಮ್ಯಾಚ್ ಆಡಿದ ಅಷ್ಟೇ, ಇಟಲಿ ತಂಡದ ಕೋಚ್ ಬೇರ್‌ಜೊಟ್ ಸೀದಾ ವರ್ಲ್ಡ್ ಕಪ್‌ಗೆ ಕರ್ಕೊಂಡು ಹೋದ್ರು, ಆ ವರ್ಷ ಇಟಲಿಯ ದೊಡ್ಡ ಲೀಗು ‘ಸೀರಿ ಆ’ದಲ್ಲಿ ಅತಿ ಹೆಚ್ಚು ಗೋಲ್ ಹೊಡೆದ ಪ್ರುಝ್ಝೋನ ಮನೇಲಿ ಬಿಟ್ಟು. ಪತ್ರಿಕೆಗಳು ಎಷ್ಟು ಬೈದ್ವು ಅಂದ್ರೆ ಇಡೀ ತಂಡ ಪತ್ರಕರ್ತರ ಜೊತೆ ಮಾತಾಡೋದನ್ನೇ ನಿಲ್ಲಿಸ್ತು. ಮೊದಲ ಮೂರು ಮ್ಯಾಚ್ ಮೂರೂ ಡ್ರಾ, ನಾಲ್ಕನೇದ್ರಲ್ಲಿ ಅರ್ಜೆಂಟೀನಾ ಮೇಲೆ ಗೆದ್ರು, ರೊಸ್ಸಿದು ಆಗ್ಲೂ ಒಂದು ಗೋಲಿಲ್ಲ. ಆಮೇಲೆ ಜುಲೈ 5, ಎದುರಿಗೆ ಬ್ರೆಜಿಲ್, ಅವರಿಗೆ ಡ್ರಾ ಆದ್ರೂ ಸಾಕಿತ್ತು. ರೊಸ್ಸಿ ಮೂರು ಗೋಲು, 3-2! ಇಲ್ಲಿ ಬ್ರೆಜಿಲ್‌ನ ಜೀಕೋ ಅಭಿಮಾನಿಗಳಿದ್ರೆ ಒಂದೈದು ನಿಮಿಷ ಹೊರಗಡೆ ಹೋಗಿ ಗಾಳಿ ತಗೊಂಡು ಬನ್ನಿ. ಸೆಮಿಫೈನಲ್‌ನಲ್ಲಿ ಎರಡು, ಫೈನಲ್‌ನಲ್ಲಿ ಒಂದು, ಕಪ್ಪು ಇಟಲಿಗೆ, ಗೋಲ್ಡನ್ ಬೂಟ್ ರೊಸ್ಸಿಗೆ.

ಸರಿ, ಕಥೆ ಚೆನ್ನಾಗಿದೆ. ಆದ್ರೆ ಇದನ್ನ ಎಲ್ಲಾ ಕೇಸಿಗೂ ತಂದು ಅಂಟಿಸ್ತಾರಲ್ಲ, ಅದೇ ನನಗೆ ಆಗಲ್ಲ. ರೊಸ್ಸಿ ಮೇಲಿದ್ದ ಆರೋಪ ಆಟಕ್ಕೆ ಮೋಸ ಮಾಡಿದ್ದು, ಆಟವೇ ಶಿಕ್ಷೆ ಕೊಡ್ತು, ಆಟವೇ ವಾಪಸ್ ಕರೀತು. ಪೆಟ್ಟು ತಿಂದಿದ್ದು ಒಬ್ಬ ಮನುಷ್ಯ ಆದಾಗ ಲೆಕ್ಕ ಹೀಗೆ ಮುಗಿಯುತ್ತಾ?

ರೇತ್ ರೋವರ್ಸ್ ಕಥೆ ನೋಡಿ. ಸ್ಕಾಟ್ಲೆಂಡ್‌ನ ಸಣ್ಣ ಕ್ಲಬ್ಬು, 2022ರ ಜನವರಿ ಕೊನೇ ದಿನ ಡೇವಿಡ್ ಗುಡ್‌ವಿಲ್ಲಿ ಅನ್ನೋ ಆಟಗಾರನ್ನ ಸೈನ್ ಮಾಡ್ತು. ಅವನ ಮೇಲೆ ಕ್ರಿಮಿನಲ್ ಕೇಸ್ ನಡೆದಿರ್ಲಿಲ್ಲ, ಆದ್ರೆ ಅವನು ಅತ್ಯಾಚಾರ ಮಾಡಿದ್ದಾನೆ ಅಂತ 2017ರಲ್ಲಿ ಸಿವಿಲ್ ಕೋರ್ಟ್ ತೀರ್ಪು ಕೊಟ್ಟಿತ್ತು. ಇದು ಫುಟ್‌ಬಾಲ್ ನೋಡಿ ತಗೊಂಡಿರೋ ನಿರ್ಧಾರ ಅಂತ ಕ್ಲಬ್ಬು ಹೇಳ್ತು. ಮಹಿಳಾ ತಂಡದ ಕ್ಯಾಪ್ಟನ್ ಬಿಟ್ಟು ಹೋದ್ಲು, ಜೆರ್ಸಿ ಸ್ಪಾನ್ಸರ್ ಮಾಡ್ತಿದ್ದ ಕಾದಂಬರಿಗಾರ್ತಿ ವ್ಯಾಲ್ ಮೆಕ್‌ಡರ್ಮಿಡ್ ಕೈ ತೆಗೆದ್ರು, ಅವರ ಅಪ್ಪ ಅದೇ ಕ್ಲಬ್ಬಿಗೆ ಸ್ಕೌಟ್, ಅಂದ್ರೆ ಹೊಸ ಆಟಗಾರರನ್ನ ಹುಡುಕೋರು, ಆಗಿದ್ದೋರು, ಅಂದ್ರೆ ಹೊರಗಿನೋರಲ್ಲ ಇವರು. ಕೆಲವೇ ದಿನದಲ್ಲಿ ಕ್ಲಬ್ಬು ತಲೆ ತಗ್ಗಿಸಿ ಅವನನ್ನ ಆಡಿಸಲ್ಲ ಅಂತು. ಆದ್ರೆ ಅದಕ್ಕೂ ಮುಂಚೆ ಸುಮಾರು ಐದು ವರ್ಷ ಅವನು ಕ್ಲೈಡ್ ಅನ್ನೋ ಕ್ಲಬ್ಬಲ್ಲಿ ಆಡ್ತಿದ್ದ, ಅಲ್ಲಿ ಕ್ಯಾಪ್ಟನ್ನೂ ಆಗಿದ್ದ! ಕೆಳಗಿನ ಲೀಗು, ಕೇಳೋರು ಕಮ್ಮಿ. ಕೆಲಸ ಅಲ್ಲಿ ಸಿಕ್ಕಿತ್ತು, ಹಂಗಂತ ಕ್ಯಾಪ್ಟನ್ ಪಟ್ಟಿ ಯಾಕೆ ಕಟ್ಟಿದ್ರು? ಅದು ಚಪ್ಪಾಳೆ ಸ್ವಾಮಿ, ಕೆಲಸ ಅಲ್ಲ.

ಅಲ್ಲೊಬ್ರು ವಾಚ್ ತೋರಿಸ್ತಿದಾರೆ. ಬರ್ಕೊಂಡು ಬಂದಿದ್ದು ಇನ್ನೂ ಬಹಳ ಇದೆ, ಓಡಿಸ್ತೀನಿ.

ಲಿವರ್‌ಪೂಲ್‌ನಲ್ಲಿ ಆಡ್ತಿದ್ದ ಉರುಗ್ವೆಯ ಸುವಾರೆಸ್. ಎದುರಾಳಿಗಳನ್ನ ಕಚ್ಚಿದ್ದೆಲ್ಲ ಬಿಡಿ, ಅದು ಜೋಕ್ ಆಗೋಗಿದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಎವ್ರಾ ಮೇಲೆ ಜನಾಂಗೀಯ ನಿಂದನೆ ಮಾಡಿದ್ದಕ್ಕೆ 2011ರ ಡಿಸೆಂಬರ್‌ನಲ್ಲಿ ಎಂಟು ಮ್ಯಾಚ್ ನಿಷೇಧ ಬಂತು, ಮಾರನೇ ದಿನವೇ ಲಿವರ್‌ಪೂಲ್ ಆಟಗಾರರು ಅವನ ಫೋಟೋ ಇರೋ ಟಿ-ಶರ್ಟ್ ಹಾಕ್ಕೊಂಡು ವಾರ್ಮಪ್‌ಗೆ ಇಳಿದ್ರು. ಅದು ತಪ್ಪಾಯ್ತು ಅಂತ ಆಗ ಆ ತಂಡದಲ್ಲಿದ್ದ ಕ್ಯಾರಗರ್ ಟಿವೀಲಿ ಎವ್ರಾ ಮುಂದೆ ಒಪ್ಕೊಂಡಿದ್ದು 2019ರಲ್ಲಿ. ತಂಡದವನ ಜೊತೆ ಪ್ರಾಕ್ಟೀಸ್ ಮಾಡ್ಲಿ ಯಾರು ಬೇಡ ಅಂದ್ರು, ಟಿ-ಶರ್ಟ್ ಯಾಕೆ ಬೇಕಿತ್ತು?

ನ್ಯೂಕಾಸಲ್ ಕ್ಲಬ್ಬಿನ ಇಟಲಿ ಆಟಗಾರ ಟೊನಾಲಿ ವಿಷಯ ಬೇರೆ, ಅದು ಜೂಜಿನ ಚಟ, ನಿಷೇಧ ಬಿದ್ದು ಹತ್ತು ತಿಂಗಳು ಹೊರಗಿದ್ದ, ನ್ಯೂಕಾಸಲ್ ಜನ ಕೈಬಿಡ್ಲಿಲ್ಲ. ಅದನ್ನ ಈ ಪಟ್ಟಿಗೆ ಸೇರಿಸ್ಬೇಡಿ.

ಇನ್ನೊಂದು, ಇದು ನನ್ನ ವಾದಕ್ಕೇ ತೊಡಕು. ವೇಲ್ಸ್‌ನ ಆಟಗಾರ ಚೆಡ್ ಇವಾನ್ಸ್‌ಗೆ 2012ರಲ್ಲಿ ಅತ್ಯಾಚಾರದ ಕೇಸಲ್ಲಿ ಶಿಕ್ಷೆ ಆಯ್ತು, ಹೊರಗೆ ಬಂದಮೇಲೆ ಜನ ವಿರೋಧಿಸಿದ್ರು ಅಂತ ಕ್ಲಬ್ಬುಗಳು ಹಿಂದೆ ಸರಿದ್ವು, 2016ರಲ್ಲಿ ಮರುವಿಚಾರಣೆ ಆಗಿ ನಿರ್ದೋಷಿ ಅಂತ ತೀರ್ಪು ಬಂತು. ಹಂಗಾಗಿ ತೀರ್ಪೇ ಕೊನೆ ಅನ್ನೋರಿಗೂ, ತೀರ್ಪು ಬೇಡ ನಮಗೆ ಗೊತ್ತು ಅನ್ನೋರಿಗೂ ಇಲ್ಲಿ ಜಾರುತ್ತೆ. ಇದನ್ನ ಬಿಡಿಸಿ ಹೇಳೋಕೆ ಅರ್ಧ ಗಂಟೆ ಬೇಕು, ಎರಡು ನಿಮಿಷ ಕೊಟ್ಟಿದಾರೆ.

ಹಾಗಾಗಿ ಬೇಡಿಕೆ ಮಾತ್ರ ಹೇಳ್ತೀನಿ. ಸೈನ್ ಮಾಡೋ ಮುಂಚೆ ಕ್ಲಬ್ಬು ತನ್ನ ಮಹಿಳಾ ತಂಡವನ್ನ, ಅಭಿಮಾನಿ ಸಂಘವನ್ನ ಕೂರಿಸ್ಕೊಂಡು ಕೇಳ್ಲಿ, ಪ್ರೆಸ್ ನೋಟ್ ಹೊರಗೆ ಹೋದ್ಮೇಲೆ ಅಲ್ಲ. ಮೊನ್ನೆ ನಮ್ಮ ಕ್ಲಬ್ಬಿಗೆ ಕಳಿಸಬೇಕು ಅಂತ ಸಹಿ ತಗೋತಿದ್ವಲ್ಲ, ಆ ಪತ್ರದಲ್ಲೂ ಇದೊಂದು ಸಾಲು ಸೇರಿಸಿ. ಪ್ರಶ್ನೆ ಇದ್ರೆ ಕೇಳಿ, ಮೊದಲು ಆ ಕೊನೇ ಸಾಲಲ್ಲಿ ಸುವಾರೆಸ್ ಜೆರ್ಸಿ ಹಾಕ್ಕೊಂಡು ಆಗ್ಲಿಂದ ನನ್ನನ್ನೇ ಗುರಾಯಿಸ್ತಿದಾರಲ್ಲ, ಅವರಿಗೆ ಮೈಕ್ ಕೊಡಿ.