ಬೈಗುಳ ಕೇಳಿ ಬದಲಾದ ಧಾರಾವಾಹಿ

ಕೇಳುಗರಿಗೆ ನಮಸ್ಕಾರ.

"ಅಯ್ಯೋ, ಇದನ್ನ ಇನ್ನೂ ಎಷ್ಟು ಎಳೀತಾರೋ!" ಧಾರಾವಾಹಿ ನೋಡುವ ಮನೆಗಳಲ್ಲಿ ಈ ಮಾತು ಇದ್ದದ್ದೇ. ಬೈಯುತ್ತಲೇ ನೋಡುತ್ತೇವೆ, ಅಲ್ವಾ? ನಮ್ಮ ಬೈಗುಳ ಅವರ ಕಿವಿಗೆ ಬಿದ್ದರೆ ಧಾರಾವಾಹಿ ಸುಧಾರಿಸುತ್ತದೆಯೇ?

ಒಂದು ಹಳೆಯ ಉದಾಹರಣೆ ಇದೆ. ದೂರದರ್ಶನದಲ್ಲಿ 1984ರ ಜುಲೈನಲ್ಲಿ ಶುರುವಾದ ಹಿಂದಿ ಧಾರಾವಾಹಿ 'ಹಮ್ ಲೋಗ್'. ಬರೆದವರು ಮನೋಹರ್ ಶ್ಯಾಮ್ ಜೋಶಿ. ಕಥೆಯ ಮೂಲಕ ಕುಟುಂಬ ಯೋಜನೆಯನ್ನು ಜನರಿಗೆ ಮುಟ್ಟಿಸುವುದು ಇದರ ಉದ್ದೇಶ. ಮೆಕ್ಸಿಕೋದಲ್ಲಿ ಈ ದಾರಿ ಚೆನ್ನಾಗಿ ನಡೆದಿತ್ತು. ಇಲ್ಲಿ ಮೊದಲ 13 ಕಂತುಗಳಲ್ಲಿ ಉಪದೇಶವೇ ಜಾಸ್ತಿಯಾಯಿತು. ಜನಕ್ಕೆ ಬೇಜಾರಾಯಿತು.

ಆಗ ಹೆಚ್ಚಿನ ಊರುಗಳಲ್ಲಿ ಸಿಗುತ್ತಿದ್ದದ್ದು ದೂರದರ್ಶನ ಒಂದೇ. ನೋಡಿದರೆ ನೋಡಿ, ಬಿಟ್ಟರೆ ಬಿಡಿ ಅಂತ ಸುಮ್ನೆ ಇದ್ದುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಹಣ ಹಾಕಿದ ಮ್ಯಾಗಿ ನೂಡಲ್ಸ್‌ನವರಿಗೂ ನೋಡುವ ಜನ ಬೇಕಲ್ಲ! ಉಪದೇಶ ಹಿಂದೆ ಸರಿಯಿತು. ಮನೆಯೊಳಗಿನ ಜಗಳ, ಹೆಣ್ಣುಮಕ್ಕಳ ಮದುವೆ, ಕೆಲಸವಿಲ್ಲದ ಮಗ, ಕುಡುಕ ಅಪ್ಪ ಮುಂದೆ ಬಂದರು. ಧಾರಾವಾಹಿ ಗೆದ್ದಿತು, ನೂರೈವತ್ತಕ್ಕೂ ಹೆಚ್ಚು ಕಂತು ನಡೆಯಿತು. ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತಾಡುತ್ತಿದ್ದರು. ಪತ್ರಗಳು ಲಕ್ಷಗಟ್ಟಲೆ ಬಂದವು.

ಆದರೆ ಒಂದು ತಮಾಷೆ ನೋಡಿ. ಆ ಮನೆಯ ತಾಯಿ ಭಾಗವಂತಿ ಎಲ್ಲವನ್ನೂ ಸಹಿಸಿಕೊಳ್ಳುವವಳು. ಹೀಗಿರಬಾರದು ಅಂತ ತೋರಿಸಲೆಂದೇ ಮಾಡಿದ ಪಾತ್ರ ಅದು. ಎಷ್ಟೋ ನೋಡುಗರು ಅವಳನ್ನೇ ಆದರ್ಶ ಅಂದುಕೊಂಡರು! ನೋಡುಗರು ಹೇಳಿದ್ದೆಲ್ಲ ಮಾಡಲು ಹೊರಟಿದ್ದರೆ ಅವಳು ಇನ್ನಷ್ಟು ಅಳುವಂತೆ ಮಾಡಬೇಕಾಗುತ್ತಿತ್ತು. ಹಾಗಾಗಿ 'ಬೇಜಾರಾಗ್ತಿದೆ' ಅನ್ನುವ ದೂರನ್ನು ಬರೆಯುವವರು ತಪ್ಪದೆ ಕೇಳಬೇಕು. ಯಾರು ಹೇಗಿರಬೇಕು ಅನ್ನುವುದನ್ನು ಮಾತ್ರ ತಾವೇ ತೀರ್ಮಾನಿಸಬೇಕು ಅಂತ ನನಗನ್ನಿಸುತ್ತದೆ.

ಈಗ ಪತ್ರದ ಜಾಗಕ್ಕೆ ಟಿಆರ್‌ಪಿ ಬಂದಿದೆ. ಆಯ್ದ ಸಾವಿರಾರು ಮನೆಗಳಲ್ಲಿ ಮೀಟರ್ ಇಟ್ಟು, ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಲೆಕ್ಕ ಹಾಕುತ್ತಾರೆ. ವಾರ ವಾರ ಅಂಕಿ ಬರುತ್ತದೆ. ಅಂಕಿ ಇಳಿದರೆ ಕಥೆಗೆ ಹೊಸ ವಿಲನ್ ಬರುತ್ತಾಳೆ, ಏರಿದರೆ ಅದೇ ಜಗಳ ಇನ್ನೆರಡು ತಿಂಗಳು! ಜನ ಯಾಕೆ ಎದ್ದು ಹೋದರು ಅಂತ ಆ ಮೀಟರ್ ಹೇಳುವುದಿಲ್ಲ. ಭಾಗವಂತಿಗೆ ಕೈಮುಗಿದವರೂ, ಅವಳ ಗಂಡನ ಮೇಲೆ ಹಲ್ಲು ಕಡಿದವರೂ ಅದರ ಲೆಕ್ಕದಲ್ಲಿ ಒಂದೇ.

ನಮಸ್ಕಾರ.