ಗೀಸರ್, ಸ್ಕೂಟರ್ ಮತ್ತು ನಮ್ಮ ಓಣಿಯ ಟಿಸಿ

ಕೇಳುಗರಿಗೆಲ್ಲ ನಮಸ್ಕಾರ.

ಬಚ್ಚಲ ಹಂಡೆ ಹೋಗಿ ಗೀಸರ್ ಬಂತು. ಪೆಟ್ರೋಲ್ ಗಾಡಿ ಹೋಗಿ ಕರೆಂಟ್ ಸ್ಕೂಟರ್ ಬರುತ್ತಿದೆ. ಹೊಗೆ ಕಡಿಮೆಯಾಯಿತು, ಬಹಳ ಒಳ್ಳೆಯದು. ಆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇಷ್ಟಕ್ಕೆಲ್ಲ ಕರೆಂಟ್ ಸಾಲುತ್ತದೆಯೇ? ನಾನು ಹೇಳುವುದೂ ಒಂದೇ ಮಾತು. ಯಾವ ಹೊತ್ತಿಗೆ ಸ್ವಿಚ್ ಹಾಕುತ್ತೀರಿ, ಅದನ್ನು ನೋಡಿ.

ಹುಬ್ಬಳ್ಳಿಯ ಒಂದು ಬಡಾವಣೆಯ ಕಥೆ ಹೇಳುತ್ತೇನೆ. ಚಳಿಗಾಲ ಬಂತೆಂದರೆ ಮುಂಜಾನೆ ಆರೂವರೆಗೆ ಅಲ್ಲಿ ಕೆಲವು ಮನೆಗಳಿಗೆ ಕರೆಂಟ್ ಹೋಗುತ್ತಿತ್ತು. ಪಕ್ಕದ ಮನೆಗಳಲ್ಲಿ ದೀಪ ಉರಿಯುತ್ತಲೇ ಇರುತ್ತಿತ್ತು! "ಅವರ ಮನೀಗೆ ಐತಿ, ನಮಗ ಯಾಕಿಲ್ರೀ?" ಅಂತ ದಿನಾ ತಕರಾರು. ದೊಡ್ಡ ಟಿಸಿ, ಅಂದರೆ ಓಣಿಯ ಮನೆಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಹಾಕಿಸಿ ಅಂತ ಅರ್ಜಿಯೂ ತಯಾರಾಗಿತ್ತು.

ಒಂದು ಮುಂಜಾನೆ ಲೈನ್‌ಮ್ಯಾನ್ ಜೊತೆ ನಾನೂ ಹೋದೆ. ಟಿಸಿಯಿಂದ ಮನೆಗಳಿಗೆ ಕರೆಂಟ್ ಒಯ್ಯುವ ತಂತಿಗಳು ಮೂರು, ಒಂದೊಂದಕ್ಕೂ ಫೇಸ್ ಅನ್ನುತ್ತಾರೆ. ಅವರು ಮೂರೂ ಫೇಸಿಗೆ ಮೀಟರ್ ಹಿಡಿದರು. ಎರಡು ಫೇಸಿನಲ್ಲಿ ಹರಿಯುವ ಕರೆಂಟ್ 60 ಆಂಪಿಯರ್ ಕೂಡ ಇಲ್ಲ. ಮೂರನೆಯದರಲ್ಲಿ 160ರ ಹತ್ತಿರ! "ನೋಡ್ರಿ ಸಾಹೇಬ್ರ, ಎಲ್ಲಾ ಇದರ ಮ್ಯಾಲೇ ಕುಂತೈತಿ" ಅಂದರು. ಬಡಾವಣೆಗೆ ಮನೆಗಳು ಒಂದೊಂದಾಗಿ ಬಂದಿದ್ದವು, ಜಾಸ್ತಿ ಮನೆಗಳ ತಂತಿ ಒಂದೇ ಫೇಸಿಗೆ ಸೇರಿಬಿಟ್ಟಿತ್ತು.

ನೀವೇ ಲೆಕ್ಕ ಹಾಕಿ. 100 ಕೆವಿಎ ಸಾಮರ್ಥ್ಯದ ಟಿಸಿಯ ಒಂದೊಂದು ಫೇಸು ತಡೆಯುವುದು ಸುಮಾರು 133 ಆಂಪಿಯರ್. 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಹತ್ತಿರ ಹತ್ತಿರ 9. ಒಂದೇ ಫೇಸಿನಲ್ಲಿ ಹದಿನೈದು ಗೀಸರ್ ಒಟ್ಟಿಗೆ ಉರಿದರೆ ಮುಗಿಯಿತು. ಅದರ ಮೇಲೆ ಮಿಕ್ಸರ್, ಪಂಪು ಬೇರೆ. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟಾಗುತ್ತದೆ. ಆಗ ಆ ಫೇಸಿನ ಫ್ಯೂಸ್ ಹೋಗಿ, ಅದರ ಮನೆಗಳಿಗಷ್ಟೇ ಕರೆಂಟ್ ನಿಲ್ಲುತ್ತದೆ. ಫ್ಯೂಸ್ ಹೋಗದಿದ್ದರೆ ಟಿಸಿಯೇ ಸುಟ್ಟುಹೋಗುತ್ತದೆ, ಅಲ್ವಾ?

ಲೈನ್‌ಮ್ಯಾನ್ ಕೆಲವು ಮನೆಗಳನ್ನು ಬೇರೆ ಫೇಸಿಗೆ ಹಾಕಿದರು. ಆಮೇಲೆ ಓಣಿಯ ಹೆಣ್ಣುಮಕ್ಕಳೇ ಕೂತು ಹೊತ್ತು ಹಂಚಿಕೊಂಡರು. ಶಾಲೆಗೆ ಹೋಗುವ ಮಕ್ಕಳಿದ್ದ ಮನೆಯವರು ಐದೂವರೆಗೆ, ಉಳಿದವರು ಆರೂವರೆ ಮೇಲೆ. ಹದಿನೈದು ಲೀಟರ್ ಗೀಸರ್ ಕಾಯಲು ಇಪ್ಪತ್ತು ನಿಮಿಷ ಸಾಕು, ನೀರು ಒಂದು ತಾಸಾದರೂ ಬಿಸಿಯಾಗೇ ಇರುತ್ತದೆ. ಫ್ಯೂಸ್ ಹೋಗುವುದು ನಿಂತಿತು. ಹೊಸ ಟಿಸಿ ಬೇಕಾಗಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಹೋದಲ್ಲೆಲ್ಲ ಇದನ್ನೇ ಹೇಳುತ್ತೇನೆ!

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಂಜೆ ಏಳಕ್ಕೆ ಮನೆಗೆ ಬಂದು ಸ್ಕೂಟರನ್ನು ಚಾರ್ಜಿಗೆ ಹಾಕುತ್ತೀರಿ. ಅದೇ ಹೊತ್ತಿಗೆ ಊರೆಲ್ಲ ದೀಪ, ಟಿವಿ, ಕರೆಂಟ್ ಒಲೆ. ದಯವಿಟ್ಟು ರಾತ್ರಿ ಹನ್ನೊಂದರ ಮೇಲೆ ಹಾಕಿ. ಅಂಗಡಿ, ಆಫೀಸಿನಲ್ಲಿ ಪ್ಲಗ್ ಇದ್ದರೆ ಮಧ್ಯಾಹ್ನ ಹಾಕಿ, ಆಗ ಸೋಲಾರ್ ಕರೆಂಟ್ ಧಾರಾಳ. ಗದಗದ ಗುಡ್ಡಗಳ ಗಾಳಿಯಂತ್ರ ಮಳೆಗಾಲದಲ್ಲಿ ಜೋರಾಗಿ ತಿರುಗುತ್ತವೆ, ಚಳಿಗಾಲದ ಮುಂಜಾನೆ ಅವನ್ನು ನಂಬಿ ಕೂರಲಾಗದು. ದೊಡ್ಡ ಹೋಟೆಲು, ಹಾಸ್ಟೆಲ್‌ನವರು ಹೀಟ್ ಪಂಪ್ ನೋಡಿ, ಅದು ಸುತ್ತಲ ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ಕೊಡುವ ಯಂತ್ರ, ಸುಮಾರು ಮೂರನೇ ಒಂದು ಭಾಗ ಕರೆಂಟಿಗೆ ಅಷ್ಟೇ ನೀರು ಕಾಯುತ್ತದೆ.

ಕಾರು ಕೊಳ್ಳುವವರೇ, ಮನೆಯ ಚಾರ್ಜರ್ 7 ಕಿಲೋವ್ಯಾಟ್ ಇರಬಹುದು. ಅಂದರೆ ಮೂರಕ್ಕಿಂತ ಹೆಚ್ಚು ಗೀಸರ್, ಅದೂ ತಾಸುಗಟ್ಟಲೆ. ಸುಮ್ನೆ ತಂದು ಗೋಡೆಗೆ ಹಾಕಬೇಡಿ. ಮೊದಲು ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ. ಆಗ ನಿಮ್ಮ ಓಣಿಯ ಟಿಸಿ ತಡೆಯುತ್ತದೋ ಇಲ್ಲವೋ ಅವರೂ ನೋಡುತ್ತಾರೆ.

ಇನ್ನು ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿದಾಗ "ಕರೆಂಟ್ ಇಲ್ಲ" ಅಂತಷ್ಟೇ ಹೇಳಬೇಡಿ. ಎಷ್ಟು ಗಂಟೆಗೆ ಹೋಯಿತು, ಯಾವ ಯಾವ ಮನೆಗೆ ಹೋಗಿದೆ, ಯಾರ ಮನೆಗೆ ಇದೆ, ಅದನ್ನೂ ಹೇಳಿ.