ಧಾರಾವಾಹಿ ಕೇಳುವ ಜಗಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆಯ ಕೊನೆಕೊಯ್ಲು ಶುರುವಾದರೆ ಸಂಜೆ ಜಗಲಿ ತುಂಬುತ್ತದೆ. ಮನೆಯವರ ಜೊತೆ ಅಕ್ಕಪಕ್ಕದವರೂ ಅಡಿಕೆ ಸುಲಿಯಲು ಬಂದು ಕೂರುತ್ತಾರೆ. ಎದುರಿಗೆ ಟಿ.ವಿ., ಮುಂದೆ ಮೆಟ್ಟುಗತ್ತಿ. ಕತ್ತಿಯಿಂದ ಕಣ್ಣು ಸರಿದರೆ ಬೆರಳಿಗೆ ಪೆಟ್ಟು. ಹಾಗಾಗಿ ಇಲ್ಲಿ ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವುದೇ ಜಾಸ್ತಿ.

ಧಾರಾವಾಹಿ ಬಹಳ ನಿಧಾನ, ಹೇಳಿದ್ದನ್ನೇ ಹೇಳುತ್ತಾರೆ ಎಂದು ದೂರುವವರಿದ್ದಾರೆ. ಆದರೆ ಕೊಟ್ಟಿಗೆಗೆ ಹೋಗಿ ಬಂದವರಿಗೆ, ಒಲೆಯ ಮೇಲಿನ ಸಾರು ಇಳಿಸಿ ಬಂದವರಿಗೆ ಆ ನಿಧಾನವೇ ಅನುಕೂಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಜೋರು ಮಳೆ ಬಂದರೆ ಉಪಗ್ರಹದ ಸಿಗ್ನಲ್ ಡಿಶ್ಶಿಗೆ ಮುಟ್ಟುವುದೇ ಇಲ್ಲ. ತಪ್ಪಿದ ಕಂತನ್ನು ಮರುದಿನ ಪಕ್ಕದ ಮನೆಯ ಅತ್ತಿಗೆಯ ಬಾಯಲ್ಲಿ ಕೇಳಬೇಕು. ಆಕೆ ಕಥೆಯ ಜೊತೆ ತನ್ನ ತೀರ್ಪನ್ನೂ ಸೇರಿಸಿಯೇ ಹೇಳುತ್ತಾಳೆ.

ಆ ತೀರ್ಪಿನ ಬಗ್ಗೆಯೇ ನಾನು ಇವತ್ತು ಮಾತಾಡಬೇಕು ಅಂದುಕೊಂಡದ್ದು.

ನಮ್ಮ ಜಿಲ್ಲೆಯವರು ತಾಳಮದ್ದಳೆ ಕೇಳಿ ಬೆಳೆದವರು. ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಯುವ ಯಕ್ಷಗಾನ ಅದು. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಕಾಯುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆಂದು ವಾಲಿ ಕೇಳಿದಾಗ ರಾಮ ಏನು ಹೇಳುತ್ತಾನೆ? ಪಾತ್ರದ ಮಾತಾಡುವ ಅರ್ಥಧಾರಿಯ ಉತ್ತರ ಜಾರಿದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ಅದೇ ಕಿವಿ ಜಗಲಿಯಲ್ಲೂ ಕೆಲಸ ಮಾಡುತ್ತದೆ. "ಅತ್ತೆಗೆ ಅಷ್ಟು ಹೇಳಿದ್ದು ಸರಿ. ಆದ್ರೆ ಗಂಡ ಕೇಳಿದಾಗ ಸುಮ್ನೆ ಯಾಕೆ ನಿಂತ್ಲು?" ಎಂದು ಒಬ್ಬರು ಎತ್ತಿದರೆ ಸಾಕು. ಇನ್ನೊಬ್ಬರು ಗಂಡನ ಪರ ನಿಲ್ಲುತ್ತಾರೆ. ಕಂತು ಮುಗಿದರೂ ವಾದ ಮುಗಿಯುವುದಿಲ್ಲ.

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳು ನಮ್ಮವರಿಗೆ ಅಷ್ಟು ಹಿಡಿಸಿದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. 1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ಬಂತು. ಅದನ್ನು ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದರು. ಆಮೇಲೆ ಬಂದ 'ಮುಕ್ತ'ದಲ್ಲಿ ಸೀತಾರಾಂ ಅವರೇ ವಕೀಲ ಸಿ.ಎಸ್.ಪಿ. ಆಗಿ ಕೋರ್ಟಿನಲ್ಲಿ ನಿಂತರು. ಪ್ರಶ್ನೆ, ಪಾಟೀಸವಾಲು, ಉತ್ತರ. ಮಾತಿಗೆ ಮಾತು ಕೊಡುವ ಆ ದೃಶ್ಯಗಳು ನಮ್ಮ ಕಿವಿಗೆ ಹೊಸತಾಗಿರಲಿಲ್ಲ.

ಈಗಿನ ಕೆಲವು ಧಾರಾವಾಹಿ ನೋಡುವಾಗ ನೋವಾಗುತ್ತದೆ. ನಿನ್ನೆಯವರೆಗೆ ಚುರುಕಾಗಿದ್ದ ಹುಡುಗಿ ಇವತ್ತು ಕಾಗದ ಓದದೇ ಸಹಿ ಹಾಕುತ್ತಾಳೆ. ಕಥೆ ಇನ್ನೊಂದು ತಿಂಗಳು ಎಳೆಯಬೇಕಲ್ಲ, ಅದಕ್ಕೆ. ಜಗಲಿಯಲ್ಲಿ ಕೂತವರಿಗೆ ಇದು ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಸಿಟ್ಟು ಬಂದು ಬೈಯುತ್ತಾರೆ, ಆದರೆ ಚಾನೆಲ್ ಬದಲಿಸುವುದಿಲ್ಲ. ಆ ಹುಡುಗಿ ಅಷ್ಟರಲ್ಲಿ ಮನೆಯವಳಾಗಿಬಿಟ್ಟಿರುತ್ತಾಳೆ, ಅಲ್ವಾ?

ವಾರವಾರದ ರೇಟಿಂಗಿಗೆ ಮಾತ್ರ ಈ ಸಿಟ್ಟು ಕಾಣುವುದಿಲ್ಲ. ಆಯ್ದ ಮನೆಗಳಲ್ಲಿ, ಟಿ.ವಿ. ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯ ಮೀಟರ್ ಇರುತ್ತದೆ. ಚಾನೆಲಿನ ಧ್ವನಿಯಲ್ಲಿ ಅಡಗಿಸಿಟ್ಟ ಗುರುತನ್ನು ಹಿಡಿದು, ಯಾವ ಚಾನೆಲ್ ಓಡುತ್ತಿದೆ ಎಂದು ಅದು ದಾಖಲಿಸುತ್ತದೆ. ನೋಡುವವರು ತಮ್ಮ ತಮ್ಮ ಗುಂಡಿ ಒತ್ತಿ ಹಾಜರಿ ಹಾಕುತ್ತಾರೆ. ಟಿ.ವಿ.ಯ ದನಿ ಲೆಕ್ಕಕ್ಕೆ ಬಂತು. ಅದರ ಮುಂದೆ ಕೂತವರ ದನಿ ಬರಲಿಲ್ಲ. ಬರೆಯುವವರು ಒಂದು ಸಂಜೆಯಾದರೂ ಇಂಥ ಜಗಲಿಗೆ ಬಂದು ಕೂರಬೇಕೆಂದು ನನಗೆ ಬಹಳ ಆಸೆ.

ಮೊಬೈಲ್ ಬಂದ ಮೇಲೆ ಮಾತು ನಿಂತಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳು ಬಸ್ಸಿನಲ್ಲಿ ಕೂತು ಅದೇ ಕಂತು ನೋಡುತ್ತಾಳೆ. ರಾತ್ರಿ ಊಟವಾದ ಮೇಲೆ ಶಿರಸಿಯ ಅಮ್ಮನಿಗೆ ಫೋನ್ ಮಾಡುತ್ತಾಳೆ. ಊಟ ಆಯ್ತಾ ಎಂದು ಕೇಳಿದ ಮರುಗಳಿಗೆ ಸೊಸೆ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಶುರು.

ನಮಸ್ಕಾರ.